ಉಣುಗಿನ ಮೂಗೂ ಎಣ್ಣೆಯ ಶೀಸೆಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ನನ್ನ ಸಹಪಾಠಿಗಳಿಗೆ ಈ ಶೀಸೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಚಳಿಗಾಲ ಕಾಲಿಟ್ಟೊಡನೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು, ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಿರೆಂದು ಹೇಳಿ ಕೊಟ್ಟುಹೋಗುವ ಎಣ್ಣೆ ಅದು. ಮಂಗನ ಕಾಯಿಲೆಯನ್ನು ಹರಡುವ ಉಣುಗು ಮೈಗೆ ಹತ್ತದಿರಲೆಂಬುದು ಅದರ ಉದ್ದೇಶ. ಆದರೆ ಬಹಳ ಮನೆಗಳಲ್ಲಿ ಆ ಶೀಸೆ ಕಿಟಕಿಯಲ್ಲಿಯೇ ಕುಳಿತು ಧೂಳು ಹಿಡಿಯುತ್ತದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು.

ನಮ್ಮ ಚಿಕ್ಕಮ್ಮ ಕೊಟ್ಟಿಗೆಗೆ ಹಾಸಲು ದರಕು ತರುವುದಕ್ಕೆ ದಿನವೂ ಸೊಪ್ಪಿನ ಬೆಟ್ಟಕ್ಕೆ ಹೋಗುವವರು. ಎಣ್ಣೆ ಹಚ್ಚಿಕೊಳ್ಳಿರೆಂದು ನಾನು ಹೇಳಿದಾಗ, "ಈ ನಾತ ಹಚ್ಚಿಕೊಂಡು ಕೂತರೆ ಆಕಳು ಹತ್ತಿರ ಸೇರಿಸ್ತದೇನೋ ಮಾರಾಯ?" ಎಂದುಬಿಟ್ಟರು. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಫೆಬ್ರವರಿಯಲ್ಲಿ ಅವರಿಗೆ ಜ್ವರ ಬಂದಿತು. ತಲೆ ಸಿಡಿಯುವ ನೋವು, ಸೊಂಟ ಮುರಿದಂಥ ಮೈಕೈ ನೋವು. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆಯೆಂದೇ ತಿಳಿಯಿತು. ಈ ವ್ಯಾಧಿಯ ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲ. ಜ್ವರಕ್ಕೆ, ನೋವಿಗೆ, ನಿರ್ಜಲೀಕರಣಕ್ಕೆ ಉಪಚಾರ ಮಾಡುತ್ತ ಕಾಯುವುದಷ್ಟೇ. ದೈವಕೃಪೆಯಿಂದ ಚಿಕ್ಕಮ್ಮ ಬದುಕಿಕೊಂಡರು. ಅಂದಿನಿಂದ ಆ ಶೀಸೆಯ ವಿಷಯವನ್ನು ಅರಿಯಬೇಕೆಂಬ ಹಟ ನನಗೆ ಹಿಡಿಯಿತು. ನಾನು ಕಲಾ ವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರದ ಪಾಂಡಿತ್ಯ ನನ್ನದಲ್ಲ. ಓದಿ, ಕೇಳಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಕಾಯಿಲೆಯ ಪೂರ್ವಕಥೆ. 1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯತೊಡಗಿದವು. ಸುತ್ತಣ ಹಳ್ಳಿಗಳ ಜನರೂ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ರೋಗಕ್ಕೆ ಕಾರಣವಾದ ವೈರಾಣುವನ್ನು ಪತ್ತೆಮಾಡಿದರು. ಅದನ್ನು ಹೊತ್ತು ತಿರುಗುವುದು ಮುಖ್ಯವಾಗಿ 'ಹೀಮಾಫೈಸಾಲಿಸ್ ಸ್ಪಿನಿಜೆರಾ' ಎಂಬ ಜಾತಿಯ ಉಣುಗು ಎಂಬುದೂ ಗೊತ್ತಾಯಿತು. ಮುಂದೆ ಕಾಯಿಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೂ ಹಬ್ಬಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಪ್ರಾಣವನ್ನು ಹೀರಿದುದನ್ನು ನಾವಾರೂ ಮರೆತಿಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳುವುದರ ಬೆಲೆ ಇನ್ನಷ್ಟು ಹೆಚ್ಚಿದೆ.

ಹಾಗಾದರೆ ಉಣುಗು ನಮ್ಮನ್ನು ಕಂಡುಹಿಡಿಯುವ ಬಗೆ ಹೇಗೆ? ಈ ಜಾತಿಯ ಉಣುಗಿಗೆ ಕಣ್ಣೇ ಇಲ್ಲ. ಅದು ಹಾರಲಾರದು, ನೆಗೆಯಲಾರದು. ನೆಲಕ್ಕೆ ಹತ್ತಿರದ ಗಿಡದೆಲೆಯ ತುದಿಗೋ ದರಕಿನ ಅಂಚಿಗೋ ಬಂದು, ಮುಂಗಾಲುಗಳೆರಡನ್ನೂ ಮೇಲೆತ್ತಿ ಕಾಯುತ್ತದೆ. ಆ ಮುಂಗಾಲುಗಳ ತುದಿಯಲ್ಲಿಯೇ ಅದರ ಮೂಗಿದೆ! 1881ರಲ್ಲಿ ಹಾಲರ್ ಎಂಬ ವಿಜ್ಞಾನಿ ವರ್ಣಿಸಿದ ಈ ಪುಟ್ಟ ಕುಳಿಗೆ 'ಹಾಲರನ ಅಂಗ' ಎಂದೇ ಹೆಸರು. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡ್, ಬೆವರಿನಲ್ಲಿರುವ ಆಮ್ಲಗಳು, ಮೈಯ ಬಿಸಿ ಇವೇ ಅದಕ್ಕೆ ದಾರಿದೀಪ. ಯುರೋಪಿನ ಉಣುಗೊಂದನ್ನು ಕುರಿತು ಯಾಕೋಬ್ ಫಾನ್ ಯೂಕ್ಸ್‌ಕ್ಯೂಲ್ ಎಂಬ ಜೀವವಿಜ್ಞಾನಿ 1934ರಲ್ಲಿ ಬರೆಯುತ್ತ, ಹಳಸಿದ ಬೆಣ್ಣೆಯ ವಾಸನೆಯ ಬ್ಯುಟಿರಿಕ್ ಆಮ್ಲ, ಮೈಯ ಶಾಖ, ಚರ್ಮದ ಸ್ಪರ್ಶ ಇಷ್ಟರಲ್ಲಿಯೇ ಅದರ ಪ್ರಪಂಚವೆಲ್ಲ ಮುಗಿಯುತ್ತದೆಂದು ತೋರಿಸಿದನು. ನಮ್ಮ ಚಿಕ್ಕಮ್ಮ ಬಗ್ಗಿ ದರಕು ಗುಡಿಸುತ್ತ ಏದುಸಿರು ಬಿಡುವಾಗ, ತಮಗರಿವಿಲ್ಲದೆಯೇ ಉಣುಗನ್ನು ಕರೆಯುತ್ತಿದ್ದರೆಂದಾಯಿತು.

ಸತ್ತ ಮಂಗದ ಬಳಿ ಸುಳಿಯಬೇಡಿರೆಂದು ಹೇಳುವುದರ ಮರ್ಮವೂ ಇದೇ. ಉಸಿರು ನಿಂತು ಬಿಸಿ ಆರಿದ ಮೈ ಉಣುಗಿಗೆ ಬೇಡ. ಅದನ್ನು ಬಿಟ್ಟು ಸುತ್ತಲ ನೆಲಕ್ಕಿಳಿದು ಬೇರೊಂದು ಉಸಿರಿಗಾಗಿ ಕಾಯುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಕಾಡಿನಲ್ಲಿ ಹೆಚ್ಚಾಗಿರುವುದು ಎಳ್ಳುಕಾಳಿನಷ್ಟಿರುವ ಮರಿ ಉಣುಗು. ಕಚ್ಚಿದುದೂ ಎಷ್ಟೋ ಸಲ ತಿಳಿಯುವುದಿಲ್ಲ.

ವಾಸನೆಯಿಂದ ಕರೆಯುವುದೂ ಓಡಿಸುವುದೂ ಉಣುಗಿಗೆ ಮಾತ್ರ ಸಂಬಂಧಿಸಿದುದಲ್ಲ. ಚಗಳಿ ಇರುವೆಯ ಗೂಡಿಗೆ ಕೈಯಿಟ್ಟವನಿಗೆ ಗೊತ್ತು: ಒಂದು ಕಚ್ಚಿದರೆ ಕ್ಷಣದಲ್ಲಿ ನೂರು ಮುತ್ತುತ್ತವೆ. ಅಪಾಯವನ್ನು ಸಾರುವ ರಾಸಾಯನಿಕವೊಂದು ಗಾಳಿಯಲ್ಲಿ ಹರಡುವುದೇ ಇದಕ್ಕೆ ಕಾರಣ. ಒಂದು ಪ್ರಾಣಿ ತನ್ನದೇ ಜಾತಿಗೆ ಕಳುಹಿಸುವ ಇಂಥ ವಾಸನೆಯ ಓಲೆಗಳಿಗೆ 1959ರಲ್ಲಿ 'ಫೆರೊಮೋನ್' ಎಂದು ಹೆಸರಿಡಲಾಯಿತು. ಅದೇ ವರ್ಷ ಜರ್ಮನಿಯ ಬ್ಯೂಟನಾಂಟ್, ಸುಮಾರು 5 ಲಕ್ಷ ರೇಷ್ಮೆ ಚಿಟ್ಟೆಗಳಿಂದ, ಹೆಣ್ಣು ಗಂಡನ್ನು ಕರೆಯುವ ವಸ್ತುವನ್ನು ಬೇರ್ಪಡಿಸಿದ ಸಂಗತಿಯನ್ನು ಪ್ರಕಟಿಸಿದನು. ಉಣುಗುಗಳಲ್ಲಿಯೂ ಹೆಣ್ಣು ಗಂಡನ್ನು ಸೆಳೆಯುವ ಇಂಥ ವಸ್ತುವುಂಟೆಂದು 1972ರಲ್ಲಿ ತಿಳಿದುಬಂದಿತು.

ಗಿಡಗಳೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಕೀಟಗಳು ತಿನ್ನದಿರಲೆಂದು ಅವು ಎಲೆಯಲ್ಲಿ, ಬೀಜದಲ್ಲಿ, ತೊಗಟೆಯಲ್ಲಿ ಘಾಟು ತುಂಬಿಟ್ಟುಕೊಳ್ಳುತ್ತವೆ. ನಮ್ಮ ಹಿರಿಯರು ಕಾಳಿನ ಡಬ್ಬಕ್ಕೆ ಲಕ್ಕಿ ಸೊಪ್ಪನ್ನೋ ಬೇವಿನ ಸೊಪ್ಪನ್ನೋ ಹಾಕಿದುದು, ಸೊಳ್ಳೆಗೆ ಹೊಗೆ ಹಾಕಿದುದು, ಇಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪು ಸುಣ್ಣ ಸವರಿದುದು ಇವೆಲ್ಲ ಗಿಡಗಳಿಂದಲೇ ಕಲಿತ ಪಾಠಗಳು. ಆದರೆ ಒಬ್ಬನಿಗೆ ಬೇಡವಾದ ವಾಸನೆ ಇನ್ನೊಬ್ಬನಿಗೆ ಔತಣವೂ ಆಗಬಹುದು. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞನು 1912ರಲ್ಲಿ ಒಂದು ವಿಚಿತ್ರವನ್ನು ವರದಿಮಾಡಿದನು. ಸೊಳ್ಳೆಯನ್ನು ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣದ ಗಂಡುಗಳು ಬಂದು ಮುತ್ತುತ್ತಿದ್ದವು! ಇದರ ಬೆನ್ನುಹತ್ತಿದ ಅವನು, ಮೀಥೈಲ್ ಯೂಜಿನಾಲ್ ಎಂಬ ವಸ್ತು ಆ ನೊಣಗಳನ್ನು ಬಲವಾಗಿ ಸೆಳೆಯುವುದೆಂದು 1915ರಲ್ಲಿ ತಿಳಿಸಿದನು. ನಮ್ಮ ತುಳಸಿಯಲ್ಲಿಯೂ ಆ ವಸ್ತುವುಂಟು. ಇಂದು ಮಾವಿನ ತೋಪುಗಳಲ್ಲಿ ನೊಣ ಹಿಡಿಯಲು ತೂಗುಹಾಕುವ ಬುರುಡೆಗಳಲ್ಲಿ ಅದನ್ನೇ ಇಡುತ್ತಾರೆ.

ಹಾಗಿದ್ದರೆ ಉಣುಗಿಗೂ ಸೊಪ್ಪಿನ ರಸವೇ ಸಾಲದೇ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡೆನು. ತೊಡಕಿರುವುದು ಕಾಲದಲ್ಲಿ. ಗಿಡದ ಪರಿಮಳ ತೈಲಗಳು ಬೇಗ ಆವಿಯಾಗುವಂಥವು. ಆವಿಯಾಗುವುದರಿಂದಲೇ ಅವು ಮೂಗಿಗೆ ಮುಟ್ಟುತ್ತವೆ, ಆವಿಯಾಗುವುದರಿಂದಲೇ ಬೇಗ ತೀರಿಯೂ ಹೋಗುತ್ತವೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಟ್ಟದಲ್ಲಿ ಬೆವರುವವರಿಗೆ ಅವು ಸಾಲವು. ಆದುದರಿಂದಲೇ ನಿಧಾನವಾಗಿ ಆರುವ ವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ಹುಡುಕಬೇಕಾಯಿತು. ಅಮೆರಿಕದ ಸೈನ್ಯ 1946ರಲ್ಲಿ ಬಳಕೆಗೆ ತಂದ 'ಡೀಟ್' ಅಂಥದೊಂದು. ಅದು ಅಲ್ಲಿನ ಜನಸಾಮಾನ್ಯರಿಗೆ ದೊರೆತದ್ದು 1957ರಲ್ಲಿ, ಕ್ಯಾಸನೂರಿನ ಮಂಗಗಳು ಸತ್ತ ವರ್ಷವೇ. ನಮ್ಮ ಕಡೆ ಮೊದಲು ಹಂಚುತ್ತಿದ್ದುದು ಡಿ.ಎಂ.ಪಿ. ಎಣ್ಣೆ. ಆಮೇಲೆ ಬಂದುದು ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯ ಸಿದ್ಧಪಡಿಸಿದ 'ಡೆಪಾ'. ಕಿಟಕಿಯ ಶೀಸೆಯ ಗುಟ್ಟು ಇದೇ.

ಇಷ್ಟು ತಿಳಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಯಿತು. ಆ ಎಣ್ಣೆ ಔಷಧಿಯಲ್ಲ, ಉಣುಗಿನ ಮೂಗಿನ ಮುಂದೆ ಹಿಡಿದ ಪರದೆ. ಪರದೆಗೆ ತೂತು ಬಿದ್ದರೆ ಪ್ರಯೋಜನವಿಲ್ಲ: ಪಾದವನ್ನು ಬಿಟ್ಟು ಕೈಗಷ್ಟೇ ಹಚ್ಚಿದರೆ ಉಣುಗು ಪಾದದಿಂದ ಹತ್ತುತ್ತದೆ. ಕೆಲವು ತಾಸುಗಳ ಮೇಲೆ ಪರದೆ ತೆಳುವಾಗುತ್ತದೆ, ಮತ್ತೆ ಹಚ್ಚಬೇಕು. ಜ್ವರ ಬಂದ ಮೇಲೆ ಹಚ್ಚಿ ಫಲವಿಲ್ಲ. ಹಚ್ಚಿಕೊಳ್ಳಿರೆಂದು ಹೇಳುವವರು ಅನೇಕರು. ಏಕೆ ಹಚ್ಚಬೇಕೆಂದು ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ನನ್ನ ಮಟ್ಟಿಗೆ, ಕಾಲೇಜು ಓದುವವನಾಗಿ ನಾನು ಹೇಳದೆ ಹೋದೆನೆಂಬ ಕೊರಗು ಇನ್ನೂ ಹೋಗಿಲ್ಲ.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಕೊನೆಗೂ ಸಿಕ್ಕಿತು, ಅದೂ ಅವರಿಂದಲೇ. ಉಣುಗಿನ ಮೂಗಿನ ಕಥೆಯನ್ನೆಲ್ಲ ಕೇಳಿದ ಮೇಲೆ ಅವರು, "ಹಾಗಾದರೆ ಮೊದಲು ಹಾಲು ಕರೆದು ಆಮೇಲೆ ಹಚ್ಚಿದರಾಯಿತಲ್ಲ" ಎಂದರು. ಈಗ ಬೆಳಗಿನ ಹಾಲು ಕರೆದ ಮೇಲೆಯೇ ಎಣ್ಣೆ, ಬೆಟ್ಟದಿಂದ ಬಂದೊಡನೆ ಬಟ್ಟೆಗಳು ಬಿಸಿನೀರಿಗೆ, ತಾವು ಬಚ್ಚಲಿಗೆ. ಸಂಜೆ ಆಕಳ ಬಳಿ ಹೋಗುವಾಗ ಮೈಯಲ್ಲಿ ಸೋಪಿನ ವಾಸನೆಯಷ್ಟೇ.

ಮಿತ್ರರೇ, ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಕಿಟಕಿಯನ್ನೊಮ್ಮೆ ನೋಡಿರಿ. ಶೀಸೆ ತುಂಬಿಯೇ ಇದ್ದರೆ, ದರಕಿಗೆ ಹೋಗುವವರನ್ನು ಹತ್ತಿರ ಕೂರಿಸಿಕೊಂಡು ಈ ಕುರುಡು ಜೀವಿಯ ಕಥೆಯನ್ನು ಹೇಳಿರಿ.