ಮೂರೆಲೆಯ ನ್ಯಾಯ, ಐದೆಲೆಯ ನ್ಯಾಯ

ಕಳೆದ ದೀಪಾವಳಿಯ ರಾತ್ರಿ ನಮ್ಮ ಮಾವನವರಿಗೂ ಅಮೆರಿಕೆಯಿಂದ ಬಂದಿದ್ದ ಅವರ ಮಗನಿಗೂ ಮಾತು ನಿಂತುಹೋಯಿತು. ಆಡುತ್ತಿದ್ದುದು ಮೂರೆಲೆ ಇಸ್ಪೀಟು. ಪಣ ಬರಿಯ ಹುಣಸೆಬೀಜ. ಮಾವನವರ ಕೈಯಲ್ಲಿ ಐದು, ಆರು, ಏಳರ ಸಾಲು. ಗುರುತು ಮಾತ್ರ ಬೇರೆ ಬೇರೆ. ಮಗನಿಗೆ ಸಾಲು ಬಂದಿರಲಿಲ್ಲ, ಆದರೆ ಮೂರೂ ಆಟೀನು.

“ಪೋಕರಿನಲ್ಲಿ ಒಂದೇ ಗುರುತು ಸಾಲಿಗಿಂತ ಮೇಲು. ನೀವೇ ಹೇಳಿ, ಭಾವ” ಎಂದು ಅವನು ನನ್ನತ್ತ ತಿರುಗಿದ. ಕನ್ನಡದ ಮೇಷ್ಟರಿಗೇಕೆ ಈ ಗಣಿತ! ಆದರೂ ಕಾಗದ ತೆಗೆದೆ.

ಅಮೆರಿಕೆಯ ಪೋಕರಿನಲ್ಲಿ ಕೈಗಳ ಅಂತಸ್ತಿಗೆ ಅಪರೂಪವೇ ಅಳತೆ. 52 ಎಲೆಗಳಿಂದ ಐದನ್ನು ಆರಿಸಲು 25,98,960 ಬಗೆಗಳುಂಟು. ಅರ್ಧಕ್ಕಿಂತ ತುಸು ಹೆಚ್ಚು ಕೈಗಳಲ್ಲಿ ಒಂದು ಜೋಡಿಯೂ ಇರದು. ಜೋಡಿ, ಎರಡು ಜೋಡಿ, ಒಂದೇ ಬೆಲೆಯ ಮೂರು ಎಂದು ಮೆಟ್ಟಿಲು ಏರಿದಂತೆ ಸಂಖ್ಯೆ ಇಳಿಯುತ್ತದೆ. ಸಾಲು 10,200, ಒಂದೇ ಗುರುತು 5,108. ಒಂದು ಜೋಡಿಯೂ ಒಂದೇ ಬೆಲೆಯ ಮೂರೂ ಕೂಡಿದ್ದು 3,744. ನಾಲ್ಕೂ ಒಂದೇ ಬೆಲೆಯಾದದ್ದು 624. ಶಿಖರದಲ್ಲಿರುವುದು ಒಂದೇ ಗುರುತಿನ ಸಾಲು, ಬರಿಯ 40. ಹುಡುಗನ ಮಾತು ಸುಳ್ಳಲ್ಲ.

ಆದರೆ ಎಲೆ ಮೂರಾದೊಡನೆ ಲೆಕ್ಕವೇ ತಲೆಕೆಳಗು! ಒಟ್ಟು 22,100 ಬಗೆಗಳಲ್ಲಿ ಸಾಲು 720, ಒಂದೇ ಗುರುತು 1,096. ಹುಣಸೆಬೀಜಗಳು ಮಾವನವರ ಪಾಲಾದವು.

ಒಂದು ಸಂಗತಿಯನ್ನು ನಾನು ಬಾಯಿಬಿಡಲಿಲ್ಲ. ಮೂರು ರಾಜರಂತಹ ಕೈಗಳು 52, ಒಂದೇ ಗುರುತಿನ ಸಾಲುಗಳು 48. ಆದರೂ ನಮ್ಮ ಮೂರೆಲೆಯಲ್ಲಿ ಮೂರು ರಾಜರೇ ದೊಡ್ಡವರು. ಭಾವಮೈದುನ ಅದನ್ನೂ ಕಂಡುಹಿಡಿದು ಕೇಳಿದ. ಮಾವನವರು ಎಲೆ ಕಲೆಸುತ್ತ, “ಅದು ಹಿರಿಯರ ಕಟ್ಟಳೆಯಪ್ಪ” ಎಂದರು.