ನಾಟಕದ ಮೈಕೂ ಮೂರು ಕಾಲಿನ ಐಸಿಯೂ

ಬನದ ಹುಣ್ಣಿಮೆ ಬಂತೆಂದರೆ ನಮ್ಮ ಚೊಳಚಗುಡ್ಡದ ಬನಶಂಕರಿ ಗುಡಿಯ ಸುತ್ತ ನಾಟಕ ಕಂಪನಿಗಳ ಥೇಟರುಗಳು ಎದ್ದು ನಿಲ್ಲುತ್ತವೆ. ತೇರು ಎಳೆದ ಮೇಲೂ ವಾರಗಟ್ಟಲೆ ಆಟ ನಡೆಯುತ್ತದೆ. ಆ ದಿನಗಳಲ್ಲಿ ನನ್ನ ರಿಪೇರಿ ಅಂಗಡಿಗೆ ಬರುವ ದೂರು ಹೆಚ್ಚಾಗಿ ಒಂದೇ: "ಅಣ್ಣಾರ, ಹಗಲೆಲ್ಲ ಚಲೋ ಇತ್ರಿ. ಹೊತ್ತು ಮುಳುಗಿದ ಕೂಡ್ಲೆ ಸ್ಪೀಕರ್ ಗುಂಯ್ ಅನ್ನಾಕತ್ತೈತ್ರಿ."

ಮೈಕ್ ಕೆಟ್ಟಿರುವುದಿಲ್ಲ, ವೈರೂ ಸರಿಯಿರುತ್ತದೆ. ಮಿಕ್ಸರ್ ಬಿಚ್ಚಿದರೆ ಪವರ್ ಸಪ್ಲೈ ಬೋರ್ಡಿನ ಮೇಲೆ ಮೂರು ಕಾಲಿನ ಎರಡು ಐಸಿ ಕಾಣುತ್ತವೆ, 7815 ಮತ್ತು 7915. ಒಂದು ಪ್ಲಸ್ 15 ವೋಲ್ಟ್ ಕೊಡುತ್ತದೆ, ಇನ್ನೊಂದು ಮೈನಸ್ 15. ಇವೇ ಲೀನಿಯರ್ ರೆಗ್ಯುಲೇಟರುಗಳು.

ಲೈನಿನ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ 15ಕ್ಕೆ ಇಳಿಸುತ್ತದೆ. ಡಯೋಡುಗಳು ಎಸಿಯನ್ನು ಡಿಸಿ ಮಾಡುತ್ತವೆ, ದೊಡ್ಡ ಕೆಪಾಸಿಟರ್ ಅದನ್ನು ತುಂಬಿಟ್ಟುಕೊಳ್ಳುತ್ತದೆ. 15 ವೋಲ್ಟ್ ಎಸಿಯ ಅಲೆಯ ತುದಿ 21ರ ಆಸುಪಾಸು ಇರುವುದರಿಂದ ಕೆಪಾಸಿಟರಿನ ಮೇಲೆ ಸುಮಾರು 20 ವೋಲ್ಟ್ ನಿಲ್ಲುತ್ತದೆ. ಆದರೆ ಅದು ಸಮನಾಗಿರುವುದಿಲ್ಲ, ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಈ ಏರಿಳಿತ ಒಳಗೆ ಹೊಕ್ಕರೆ ಅದೇ ಸ್ಪೀಕರಿನಲ್ಲಿ ಗುಂಯ್ ಎನ್ನುವುದು.

ಅದನ್ನು ತಡೆಯುವುದು ರೆಗ್ಯುಲೇಟರಿನ ಕೆಲಸ. ಅದರೊಳಗೆ ಅಲುಗದ ಒಂದು ಸಣ್ಣ ವೋಲ್ಟೇಜ್ ಅಳತೆಗೋಲಿನಂತೆ ಇರುತ್ತದೆ. ಹೊರಗೆ ಹೋಗುವ ವೋಲ್ಟೇಜಿನ ಒಂದು ಪಾಲನ್ನು ಅದರೊಂದಿಗೆ ಎಡೆಬಿಡದೆ ಹೋಲಿಸುವ ಆಂಪ್ಲಿಫೈಯರ್ ಒಂದಿದೆ. ಹೊರಗಿನದು ಕೂದಲೆಳೆಯಷ್ಟು ಹೆಚ್ಚಾದರೂ ಅದು ದಾರಿಯಲ್ಲಿರುವ ಟ್ರಾನ್ಸಿಸ್ಟರನ್ನು ಬಿಗಿ ಮಾಡುತ್ತದೆ, ಕಡಿಮೆಯಾದರೆ ಸಡಿಲ ಬಿಡುತ್ತದೆ. ಗುಡ್ಡದ ಇಳಿಜಾರಿನಲ್ಲಿ ಚಕ್ಕಡಿ ಓಡದಂತೆ ಗಾಲಿಗೆ ಬ್ರೇಕ್ ಒತ್ತಿ ಹಿಡಿದ ಹಾಗೆ. ಬ್ರೇಕ್ ಬಿಸಿಯಾಗುವಂತೆ ಇದೂ ಬಿಸಿಯಾಗುತ್ತದೆ. ಒಳಗೆ 20 ವೋಲ್ಟ್ ಬಂದು ಹೊರಗೆ 15 ಹೋದರೆ, ಉಳಿದ 5 ವೋಲ್ಟ್ ಪೂರಾ ಶಾಖವೇ. ಮಿಕ್ಸರ್ 100 ಮಿಲಿಆಂಪ್ ಎಳೆದರೆ ಅರ್ಧ ವಾಟ್. ಮುಟ್ಟಿ ನೋಡಿ "ಐಸಿ ಹೋತು" ಎಂದು ತೀರ್ಮಾನಿಸುವವರು ಬಹಳ. ಆ ಬಿಸಿ ರೋಗವಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ.

ಇನ್ನು ಸಂಜೆಯ ಗುಟ್ಟು. ಈ ಐಸಿಗೆ ತಾನು ಕೊಡುವುದಕ್ಕಿಂತ ಸುಮಾರು 2 ವೋಲ್ಟ್ ಹೆಚ್ಚು ಒಳಬರಬೇಕು, ಅಂದರೆ 7815ಕ್ಕೆ ಕನಿಷ್ಠ 17. ದೀಪ ಹತ್ತಿ, ತೊಟ್ಟಿಲು ತಿರುಗಿ, ಮಿರ್ಚಿ ಅಂಗಡಿಗಳಿಗೆಲ್ಲ ಲೈಟು ಬಂದಾಗ ಲೈನ್ 170ಕ್ಕೆ ಕುಸಿದರೆ ಕೆಪಾಸಿಟರಿನ ಮೇಲೆ ಉಳಿಯುವುದು 15 ಮಾತ್ರ. ಹಿಡಿಯಲು ಏನೂ ಉಳಿಯದೆ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಬಿಡುತ್ತದೆ. ಏರಿಳಿತ ಹಾಗೇ ದಾಟಿ ಹೋಗುತ್ತದೆ. ನಾಯಕಿ ಅಳುವ ಹೊತ್ತಿಗೆ ಸ್ಪೀಕರ್ ಗುಂಯ್‌ಗುಡುತ್ತದೆ. ತಿಂಗಳುಗಟ್ಟಲೆ ಮಾತು ಕಂಠಪಾಠ ಮಾಡಿದ ಕಲಾವಿದರಿಗೆ ಇದು ಅನ್ಯಾಯ.

ಐಸಿ ಬದಲಿಸಿದರೆ ಇದು ಹೋಗುವುದಿಲ್ಲ. ನಾನು 15ರದ್ದರ ಬದಲು 18-0-18ರ, ಅಂದರೆ ಎರಡೂ ಬದಿಗೆ 18 ವೋಲ್ಟ್ ಕೊಡುವ, ಟ್ರಾನ್ಸ್‌ಫಾರ್ಮರ್ ಹಾಕಿ, ಕೆಪಾಸಿಟರನ್ನು 2200 ಮೈಕ್ರೋಫ್ಯಾರಡ್‌ಗೆ ಏರಿಸುತ್ತೇನೆ. ಆಗ ಲೈನ್ 170ಕ್ಕೆ ಇಳಿದರೂ ಕೆಪಾಸಿಟರಿನ ಮೇಲೆ 17ಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ನಡುರಾತ್ರಿ ಅಂಗಡಿಗಳು ಮುಚ್ಚಿ ಲೈನ್ 250ಕ್ಕೆ ಏರಿದರೆ ಒಳಗೆ 27 ವೋಲ್ಟ್ ಬರುತ್ತದೆ, ಶಾಖ 1.2 ವಾಟಿಗೆ ಹೋಗುತ್ತದೆ. ಶಾಖ ಹೀರುವ ಲೋಹದ ಹೀಟ್ ಸಿಂಕ್ ಇಲ್ಲದೆ ನಿಂತ ಐಸಿ ವಾಟಿಗೆ ಸುಮಾರು 65 ಡಿಗ್ರಿ ಕಾಯುವ ಜಾತಿ. ಹಾಗಾಗಿ ಹೀಟ್ ಸಿಂಕ್ ಬೇಕೇ ಬೇಕು.

1969ರಲ್ಲಿ ಎಂಜಿನಿಯರ್ ಬಾಬ್ ವಿಡ್ಲರ್ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಗಾಗಿ ರೂಪಿಸಿದ 5 ವೋಲ್ಟಿನ ಎಲ್‌ಎಂ309 ಈ ಬಗೆಯ ಐಸಿಗಳಿಗೆ ದಾರಿ ಹಾಕಿತು. ಅತಿಯಾಗಿ ಕಾದರೆ ತಾನೇ ಬಂದಾಗುವ ಏರ್ಪಾಡು ಅದರಲ್ಲೇ ಇತ್ತು. ಇಂದಿನ ಮೊಬೈಲ್ ಚಾರ್ಜರುಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗಿ ಶಾಖ ಉಳಿಸುತ್ತವೆ, ಆದರೆ ಆ ಬಡಿತದ ಸದ್ದು ಲೈನಿಗೆ ಸೇರುತ್ತದೆ. ಮೈಕಿನ ಸಣ್ಣ ದನಿಗೆ ಲೀನಿಯರ್ ರೆಗ್ಯುಲೇಟರಿನ ಮೌನವೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೌಂಡ್ ಸಿಸ್ಟಂ ನೋಡಿಕೊಳ್ಳುವ ತಮ್ಮಂದಿರಿಗೆ ಒಂದು ಮಾತು. 7815ರ ಬೆನ್ನಿನ ತಗಡು ಗ್ರೌಂಡಿಗೆ ಕೂಡಿರುತ್ತದೆ, 7915ರದ್ದು ಒಳಬರುವ ಮೈನಸ್ ವೋಲ್ಟೇಜಿಗೆ. ಎರಡನ್ನೂ ಒಂದೇ ಹೀಟ್ ಸಿಂಕಿಗೆ ಬಿಗಿಯುವಾಗ 7915ರ ಕೆಳಗೆ ಮೈಕಾ ಹಾಳೆ, ಬೋಲ್ಟಿಗೆ ಪ್ಲಾಸ್ಟಿಕ್ ಬುಶ್ ತಪ್ಪದೆ ಹಾಕಿರಿ. ಮಲ್ಟಿಮೀಟರ್ ಹಿಡಿದು ಶಾರ್ಟ್ ಇಲ್ಲವೆಂದು ನೋಡಿದ ಮೇಲೆಯೇ ಸ್ವಿಚ್ ಒತ್ತಿರಿ.