ಲೈಬ್ರರಿ ಸೈನ್ಸ್: ಸಿಲೆಬಸ್ ಬದಲಾಯ್ತು, ಹಳೇ ಪಾಠ ಯಾಕೆ ಬೇಕು?

ಇಳಕಲ್‌ನಿಂದ ತಂಗಿಯೊಬ್ಬಳು ವಾಯ್ಸ್ ಮೆಸೇಜ್ ಕಳಿಸಿದ್ಲು. "ಅಣ್ಣಾ, ಡಿಗ್ರಿ ಮುಗೀತು. ಎಂ.ಲಿಬ್ ಮಾಡ್ಲೇನು? ಪುಸ್ತಕ ಜೋಡ್ಸಾಕ ಎರಡು ವರ್ಷ ಓದಬೇಕೇನಂತ ಮನ್ಯಾಗ ಕೇಳ್ತಾರ." ಎರಡು ವರ್ಷದ ಸಮಯ, ಮನೆಯವರ ದುಡ್ಡು. ಅದಕ್ಕೇ ಇವತ್ತು ಇದನ್ನ ಬಿಡಿಸಿ ಹೇಳ್ತೀನಿ.

ಬದಲಾಗಿದ್ದು ಏನು? ಹಿಂದೆ ಒಂದು ವರ್ಷ ಬಿ.ಲಿಬ್, ಆಮೇಲೆ ಒಂದು ವರ್ಷ ಎಂ.ಲಿಬ್. ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಮತ್ತು ಕ್ಯಾಟಲಾಗ್ ಕಾರ್ಡ್‌ಗೆ ದೊಡ್ಡ ಜಾಗ ಇತ್ತು. 2001ರಲ್ಲಿ ಯುಜಿಸಿಯ ಮಾದರಿ ಪಠ್ಯಕ್ರಮ ಬಂತು. ಆ ಸಮಿತಿಯ ನೇತೃತ್ವ ವಹಿಸಿದವರು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಕರಿಸಿದ್ದಪ್ಪ. ಎರಡು ವರ್ಷದ ಒಂದೇ ಕೋರ್ಸ್, ಕಂಪ್ಯೂಟರಿಗೆ ಹೆಚ್ಚು ಒತ್ತು ಅನ್ನೋ ದಾರಿ ಗಟ್ಟಿಯಾಯ್ತು. ಈಗ ಕೋಹಾ, ಡಿಸ್ಪೇಸ್‌ನಂಥ ಉಚಿತ ಸಾಫ್ಟ್‌ವೇರ್, ಮೆಟಾಡೇಟಾ, ಡಿಜಿಟಲ್ ಲೈಬ್ರರಿ ಎಲ್ಲಾ ಪಾಠದಲ್ಲಿ ಬರುತ್ತವೆ.

ಹಾಗಾದ್ರೆ ಕಾರ್ಡಿನ ಪಾಠ ವೇಸ್ಟಾ? ಇಲ್ಲ.

ಬಾಗಲಕೋಟೆಯ ಒಂದು ಲೈಬ್ರರಿ ಅಂದ್ಕೊಳ್ಳಿ. ಸೀರೆ ಬಗ್ಗೆ ಮೂರು ಪುಸ್ತಕ ಇವೆ. ಒಂದರಲ್ಲಿ 'ಇಳಕಲ್', ಒಂದರಲ್ಲಿ 'ಇಲಕಲ್', ಇನ್ನೊಂದರಲ್ಲಿ 'ಇಳಕಲ್ಲ' ಅಂತ ಟೈಪ್ ಆಗಿದೆ. ನೀವು ಒಂದನ್ನ ಹುಡುಕಿದ್ರೆ ಉಳಿದೆರಡು ಸಿಗದೇ ಹೋಗಬಹುದು. ಪುಸ್ತಕ ಕಪಾಟಿನಲ್ಲೇ ಇದೆ, ಓದುಗನ ಪಾಲಿಗೆ ಮಾತ್ರ ಇಲ್ಲ. ಕಾರ್ಡಿನ ಕಾಲದವರು ಇದಕ್ಕೆ ಒಂದು ಚೀಟಿ ಇಡ್ತಿದ್ರು: "ಇಲಕಲ್: 'ಇಳಕಲ್' ನೋಡಿ." ಕೋಹಾದಲ್ಲೂ ಅದೇ ಕೆಲಸ ಆಗಬೇಕು. ಆದ್ರೆ ಯಾವ ಹೆಸರು ಯಾವುದಕ್ಕೆ ಸೇರುತ್ತೆ ಅಂತ ಊರು ಗೊತ್ತಿರೋ ಮನುಷ್ಯರೇ ಹೇಳಬೇಕು.

ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಒಂದನೇ ಕೀರ್ತಿವರ್ಮನ ಕಾಲದ್ದು. ಅದರ ಫೋಟೋ ಫೋನಲ್ಲಿ ಬರೀ ನಂಬರ್ ಆಗಿ ಬಿದ್ದಿದ್ರೆ ನಾಳೆ ಯಾರಿಗೂ ಸಿಗಲ್ಲ. ಸ್ಥಳ, ವರ್ಷ, ಭಾಷೆ, ರಾಜನ ಹೆಸರು ಬರೆದಿಟ್ರೆ ಸಿಗುತ್ತೆ. ಮೆಟಾಡೇಟಾ ಅಂದ್ರೆ ಇಷ್ಟೇ. ಹುನಗುಂದದ ಮನೆಗಳ ಅಟ್ಟದ ಮೇಲಿರೋ ಹಳೇ ಪುಸ್ತಕಕ್ಕೂ ಇದೇ ಲೆಕ್ಕ.

ತಂಗೀ, ನೌಕರಿ ಗ್ಯಾರಂಟಿ ಅಂತ ನಾನು ಹೇಳಲ್ಲ. ಡಿಗ್ರಿ ಕಾಲೇಜಿನ ಲೈಬ್ರರಿಯನ್ ಆಗೋಕೆ ಸಾಮಾನ್ಯವಾಗಿ ಎಂ.ಲಿಬ್‌ನಲ್ಲಿ ಶೇ 55 ಅಂಕದ ಜೊತೆ ನೆಟ್ ಅಥವಾ ಕೆಸೆಟ್ ಬೇಕು. ಅಡ್ಮಿಷನ್‌ಗೆ ಮೊದಲು ಎರಡು ಪ್ರಶ್ನೆ ಕೇಳು: ಕೋಹಾವನ್ನ ನಮ್ಮ ಕೈಯಾರೆ ಇನ್‌ಸ್ಟಾಲ್ ಮಾಡಿಸ್ತೀರಾ? ಕನ್ನಡ ಪುಸ್ತಕಗಳನ್ನ ಯೂನಿಕೋಡ್‌ನಲ್ಲಿ ಕ್ಯಾಟಲಾಗ್ ಮಾಡಿಸ್ತೀರಾ? ಎರಡಕ್ಕೂ 'ಹೌದು' ಅಂದ್ರೆ ಸೇರು. ಮನೆಯವರಿಗೆ ಹೇಳು: ಪುಸ್ತಕ ಜೋಡಿಸೋದಲ್ಲ, ಸಿಗೋ ಹಾಗೆ ಮಾಡೋದು ಈ ಓದು.

ಮತ್ತೆ ಸಿಗೋಣ.